ಎಂಬತ್ತರಲ್ಲಿ ಮಾತು

ಜನವರಿ 5, 2025. ಭಾನುವಾರ

ಇವತ್ತೂ ಅದೇ ರಾಗ, ಅದೇ ಹಾಡು. ಮೋಟೆಬೆನ್ನೂರು ಕ್ರಾಸಿನಲ್ಲಿ ಸುಭಾಷ ನಿಂತಿದ್ದ, ಹೆಗಲ ಮೇಲೆ ಟವೆಲ್. ಹತ್ತಿದ. ಬಾಗಿಲು ಎರಡು ಸಲ ಬಡಿದ — ಒಂದು ಸಲಕ್ಕೆ ಅದು ಮಾತು ಕೇಳುವುದಿಲ್ಲ. "ಥಂಡಿ ಭಾಳ ಐತಿ" ಅಂದ. "ಹೂಂ" ಅಂದೆ. ಹೈವೇಗೆ ಏರಿಸಿದೆ. ಒಂದು, ಎರಡು, ಮೂರು, ಟಾಪ್. ಎಂಬತ್ತು. ಅಲ್ಲಿಗೆ ನಮ್ಮ ಸಂಭಾಷಣೆ ಮುಕ್ತಾಯ.

ಎಂಬತ್ತು ಅಂದರೆ ಈಗಿನ ಕಾರುಗಳಿಗೆ ಆಕಳಿಕೆ. ನಮ್ಮದಕ್ಕೆ ಚೀರಾಟ. ಅರವತ್ತು ವರ್ಷದ ಹಿಂದಿನ ಸ್ಪೋರ್ಟ್ಸ್ ಕಾರು, ಎರಡೇ ಸೀಟು, ನಾಲ್ಕೇ ಗೇರು. ಸಾಲದ್ದಕ್ಕೆ ಹಳೆಯ ಮಾಲೀಕ, ಘಟ್ಟದ ಎಸ್ಟೇಟಿನವನು, ಏರು ಹತ್ತಲಿ ಅಂತ ಹಿಂದಿನ ಆಕ್ಸಲಿಗೆ ಭಾರ ಎಳೆಯುವ ಗೇರ್ ಹಾಕಿಸಿದ್ದಾನೆ. ಟಾಪಿನಲ್ಲೂ ಎಂಜಿನ್ ಓಡಿದ್ದೇ ಓಡಿದ್ದು. ಎಂಬತ್ತಕ್ಕೆ ಮೀಟರಿನ ಮುಳ್ಳು ಮೂರೂವರೆ ಸಾವಿರ ಸುತ್ತು ದಾಟುತ್ತದೆ, ಸರಿಯಾಗಿ ಅಲ್ಲಿಗೇ ಗಾಡಿಯ ಮೈಯೆಲ್ಲ ಗುಂಯ್ ಅನ್ನಲು ಶುರು. ತಗಡು, ಗಾಜು, ನನ್ನ ಹಲ್ಲು... ಪಕ್ಕದವನು ಕಿವಿಗೆ ಬಾಯಿಟ್ಟು ಕೂಗಿದರೂ ಕೇಳುವುದಿಲ್ಲ.

ಅದಕ್ಕೇ ಬೆರಳು. ಸುಭಾಷನ ಅಪ್ಪ ಎತ್ತಿನ ದಲಾಲಿ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ರೇಟು ಹೇಳುತ್ತಿದ್ದ ಮನುಷ್ಯ. ಮಗ ಬ್ಯಾಡಗಿಯಲ್ಲಿ ಕೋಲ್ಡ್ ಸ್ಟೋರೇಜ್ ಮ್ಯಾನೇಜರ್ ಆದ, ವಿದ್ಯೆ ಮಾತ್ರ ಬಿಟ್ಟಿಲ್ಲ. ಎರಡು ಸೀಟಿನ ನಡುವಿನ ಉಬ್ಬಿನ ಮೇಲೆ ಟವೆಲ್ ಹಾಸುತ್ತಾನೆ. ಟಾಪ್ ಬಿದ್ದ ಮೇಲೆ ನನ್ನ ಎಡಗೈ ಅದರ ಕೆಳಗೆ. ಒಂದು ಬೆರಳು ಒತ್ತಿದರೆ ಚಹಾ. ಎರಡು ಒತ್ತಿದರೆ ಸಾವಕಾಶ. ಇಡೀ ಮುಷ್ಟಿ ಹಿಡಿದರೆ, ಇನ್ನೂ ಮುಂದೆ ಹೋಗೋಣ.

ಇವತ್ತು ಮತ್ತೆ ಮತ್ತೆ ಮುಷ್ಟಿ ಹಿಡಿದ. ರಾಣೆಬೆನ್ನೂರು ದಾಟಿತು, ಟೋಲ್ ದಾಟಿತು, ಹರಿಹರದ ಹೊಳೆಯವರೆಗೆ ಹೋಗಿ ಬಂದೆವು. ಹೇಳಬೇಕಾದದ್ದು ಎದೆಯಲ್ಲೇ ಉಳಿಯಿತು. ಅವನು ಇಳಿದ ಮೇಲೂ ಸೀಟಿನಲ್ಲಿ ಮೆಣಸಿನಕಾಯಿ ಘಾಟು. ಸೀನುತ್ತಾ ಮನೆಗೆ ಬಂದೆ.

ಜನವರಿ 6. ಮಧ್ಯಾಹ್ನ, ಅಂಗಡಿಯಲ್ಲಿ

ಸೋಮವಾರ. ಬ್ಯಾಡಗಿ ಮಾರ್ಕೆಟ್ಟಿನ ದಿನ. ಮೆಣಸಿನಕಾಯಿ ಹೇರಿಕೊಂಡ ಟೆಂಪೊಗಳು ಬೆಳಗಿನಿಂದ ಬಾಗಿಲಿಗೆ ಸಾಲು. ಎಲ್ಲರದ್ದೂ ಒಂದೇ ಗೋಳು — "ಅಕ್ಕಾರ, ಲೋಡ್ ಎಳೀವಲ್ದು." ಅಪ್ಪ ಹಾವೇರಿಯ ಹಳೆ ಪಿ.ಬಿ. ರೋಡಿಗೆ ಈ ಸ್ಪೇರ್ ಪಾರ್ಟ್ಸ್ ಅಂಗಡಿ ಹಾಕಿದಾಗಿನಿಂದ ಇಲ್ಲಿ ಗೇರ್ ಅಂದರೆ ಭಾರ ಎಳೆಯುವುದು, ಅಷ್ಟೇ. ಆರಾಮವಾಗಿ ಓಡುವ ಗೇರ್ ಕೊಡಿ ಅಂತ ಒಬ್ಬನೂ ಕೇಳಿಕೊಂಡು ಬಂದಿಲ್ಲ.

ನನ್ನದೂ ಅದೇ ಜಾತಕ. ಮದುವೆ ಆಗಬೇಕಾದ ವಯಸ್ಸಿನಲ್ಲಿ ಅಂಗಡಿ ಆಯಿತು. ಈಗ ಐವತ್ತೊಂದು. ಕಾರು ಬಂದದ್ದೂ ಅಂಗಡಿಯಿಂದಲೇ. ಎಸ್ಟೇಟಿನವನು ರಿಪೇರಿಗೆ ಬಿಟ್ಟ, ಬೇಸತ್ತು ಅಪ್ಪನಿಗೇ ಮಾರಿದ. ಅಪ್ಪ ಹೋದ ಮೇಲೆ ನಾನು, ಲೇತ್ ಕೆಲಸದ ಕೈಸರ ಸೇರಿ ಎಬ್ಬಿಸಿ ನಿಲ್ಲಿಸಿದೆವು. ಹಸಿರು ಬಣ್ಣ. ಊರವರು 'ಹಸಿ ಮೆಣಸಿನಕಾಯಿ' ಅನ್ನುತ್ತಾರೆ. ಗಾಡಿಗೋ ನನಗೋ, ವಿಚಾರಿಸಿಲ್ಲ.

ಸುಭಾಷ ಎರಡು ವರ್ಷದ ಹಿಂದೆ ಸ್ಟೋರೇಜಿನ ಟೆಂಪೊ ಗೇರ್ ಬಾಕ್ಸ್ ಹಿಡಿದುಕೊಂಡು ಬಂದವನು. ಮೂಲೆಯಲ್ಲಿದ್ದ ಕಾರು ನೋಡಿದ. "ಇದರಾಗ ಒಂದು ರೌಂಡ್ ಹೋಗಬಹುದೇನ್ರಿ?" ಅಂದ. ಹೆಂಡತಿ ತೀರಿಕೊಂಡು ಆರು ವರ್ಷ. ಅಕ್ಕ ಹೊಳಿಯವ್ವನ ಮನೆಯಲ್ಲಿ ಊಟ, ಅಕ್ಕನ ಮಾತೇ ವೇದ. ಆವತ್ತು 'ರೀ' ಅಂದವನು ನಾಲ್ಕನೇ ಭಾನುವಾರಕ್ಕೆ 'ಪುಷ್ಪಾ' ಅಂದ. ಆ ನಾಲ್ಕನೇ ಭಾನುವಾರದಿಂದ ನನಗೆ ಸೋಮವಾರ ಅಂದರೆ ಆಗುವುದಿಲ್ಲ.

ಜನವರಿ 12, ಭಾನುವಾರ

ಇವತ್ತು ಹೈವೇ ಬೇಡ ಅಂದುಕೊಂಡೆ. ಕಾಗಿನೆಲೆ ರೋಡು ಹಿಡಿದೆ. ಚಿಕ್ಕ ರಸ್ತೆ, ನಲವತ್ತಕ್ಕಿಂತ ಮೇಲೆ ಹೋಗುವುದಿಲ್ಲ, ಗದ್ದಲ ಕಡಿಮೆ. ಮಾತಾಡಬಹುದು. ಎಂಥ ಮಳ್ಳಿ ನಾನು.

ಮೊದಲನೇ ಊರಿಗೇ ಒಬ್ಬ ಬೈಕಿನವನು ಪಕ್ಕಕ್ಕೆ ಬಂದ. "ಅಕ್ಕಾರ, ಯಾವ ಗಾಡೀರಿ ಇದು? ಎಷ್ಟು ಕೊಡ್ತೈತ್ರಿ?" ಅವನು ಹೋದ, ಟ್ರ್ಯಾಕ್ಟರಿನವನು ಬಂದ. ಅವನು ಸುಭಾಷನನ್ನು ಗುರುತಿಸಿದ. "ಮ್ಯಾನೇಜರ್ ಸಾಹೇಬ್ರ, ಎತ್ತಾಗ ಹೊಂಟೀರಿ?" ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸುಭಾಷ ಟವೆಲ್ ಎತ್ತಿ ಮುಖ ಒರೆಸಿಕೊಂಡ. "ಗಾಡಿ ಟೆಸ್ಟ್ ಮಾಡಾಕತ್ತೇವಿ" ಅಂದ. ಟೆಸ್ಟ್ ಅಂತೆ!

ಕಾಗಿನೆಲೆಯಲ್ಲಿ ಚಹಾ ಕುಡಿಯುವಾಗ ಕಪ್ಪಿನ ಒಳಗೆ ನೋಡುತ್ತಾ ಹೇಳಿದ. "ಅಕ್ಕ ಗುತ್ತಲದಾಗ ಒಂದು ಸಂಬಂಧ ನೋಡ್ಯಾಳ. ಗಂಡ ಇಲ್ಲದಾಕಿ. ಯುಗಾದಿಗೆ ಬಂದು ಮಾತು ಮುಗಸ್ತಾರಂತ."

"ನೀ ಏನಂದಿ?"

"ನೋಡೂಣು ಅಂದೇನಿ."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಇವನಿಗೆ ಇವನೇ ಸಾಟಿ. ಸುತ್ತ ಜನ. ಚಹಾ ಕೊಡುವ ಚೌಡವ್ವ ಅವನ ಅಕ್ಕನ ಪರಿಚಯದವಳು. ಸುಮ್ಮನೆ ಬಿಸ್ಕೀಟು ಅದ್ದಿದೆ. ಅದು ಮುರಿದು ಕಪ್ಪಿನೊಳಗೆ ಬಿತ್ತು.

ಜನವರಿ 14. ಸಂಕ್ರಾಂತಿ

ಅಂಗಡಿ ರಜೆ. ಕುಳಿತು ಯೋಚನೆ ಮಾಡಿದೆ.

ನಾನು ಅವನನ್ನು ಕೇಳಬೇಕು. ಗುತ್ತಲದವರಿಗೆ ಬೇಡ ಅನ್ನು, ನನ್ನ ಜೊತೆ ಇರು ಅಂತ. ಯುಗಾದಿಯ ಒಳಗೆ ಕೇಳಬೇಕು. ಎಲ್ಲಿ ಕೇಳಲಿ? ಅಂಗಡಿಯಲ್ಲಿ ಗಿರಾಕಿ. ಅವನ ಮನೆಯಲ್ಲಿ ಅಕ್ಕ. ನನ್ನ ಮನೆಗೆ ಅವನು ಕಾಲಿಟ್ಟರೆ ಓಣಿಯ ಕಿಟಕಿಗಳೆಲ್ಲ ತೆರೆಯುತ್ತವೆ. ಫೋನಿನಲ್ಲಿ ನನಗೆ ಬಾಯೇ ಬರುವುದಿಲ್ಲ. ಎದುರು ಕುಳಿತರೆ ಅವನ ಕಣ್ಣು ನೋಡಿ ಮಾತು ನುಂಗುತ್ತೇನೆ. ರಸ್ತೆ ನೋಡುತ್ತಾ ಆದರೆ ಹೇಳಬಲ್ಲೆ. ಈ ಜಿಲ್ಲೆಯಲ್ಲಿ ನಮ್ಮಿಬ್ಬರಿಗೆ ಅಂತ ಇರುವ ಜಾಗ ಒಂದೇ — ಹೈವೇ. ಅಲ್ಲಿ ಯಾರೂ ಪಕ್ಕಕ್ಕೆ ಬಂದು "ಎಷ್ಟು ಕೊಡ್ತೈತ್ರಿ" ಅನ್ನುವುದಿಲ್ಲ. ಆದರೆ ಅಲ್ಲಿ ಗದ್ದಲ.

ಗದ್ದಲ ಎಲ್ಲಿಂದ? ಗೇರಿನಿಂದ. ಗೇರ್ ಮಾರುವವಳು ಯಾರು? ನಾನು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ಊರೆಲ್ಲ ತುಪ್ಪ ಹುಡುಕಿದೆ.

ಜನವರಿ 15

ಕೈಸರನಿಗೆ ಹೇಳಿದೆ. ಹಿಂದಿನ ಆಕ್ಸಲಿನ ಒಳಗೆ ಎರಡು ಹಲ್ಲುಗಾಲಿ. ಚಿಕ್ಕದು ಪಿನಿಯನ್, ದೊಡ್ಡದು ಕ್ರೌನ್. ನಮ್ಮ ಗಾಡಿಯ ಪಿನಿಯನ್ನಿಗೆ ಒಂಬತ್ತು ಹಲ್ಲು, ಕ್ರೌನಿಗೆ ನಲವತ್ತೊಂದು. ಪಿನಿಯನ್ನಿನ ಹಲ್ಲು ಕಡಿಮೆಯಾದಷ್ಟೂ ಬಲ ಜಾಸ್ತಿ, ಎಂಜಿನ್ನಿಗೆ ಓಟವೂ ಜಾಸ್ತಿ. ಹಲ್ಲು ಹೆಚ್ಚಿಸಿದರೆ ಬಲ ತಗ್ಗುತ್ತದೆ, ಓಟ ಹಗುರಾಗುತ್ತದೆ. ಹನ್ನೊಂದು ಹಲ್ಲಿನದು ಹಾಕಿದರೆ ಎಂಬತ್ತಕ್ಕೆ ಮುಳ್ಳು ಮೂರು ಸಾವಿರದ ಒಳಗೇ ನಿಲ್ಲುತ್ತದೆ. ಗುಂಯ್ ಶುರುವಾಗುವುದಕ್ಕಿಂತ ಎಷ್ಟೋ ಕೆಳಗೆ.

"ಏರು ಹತ್ತಾಂಗಿಲ್ಲ ನೋಡ್ರಿ ಅಕ್ಕಾ" ಅಂದ.

"ನನಗ ಏರು ಬ್ಯಾಡ. ಸಪಾಟ ರೋಡ್ ಸಾಕು."

"ಇಷ್ಟು ವರ್ಷ ಬ್ಯಾಡಾಗಿದ್ದು ಈಗ್ಯಾಕ ಬೇಕಾತು?" ಅಂತ ನಗುತ್ತಾ ಕೇಳಿದ. ಬಾಯಿ ಮುಚ್ಚು ಅಂದೆ. ಇನ್ನೂ ಜೋರಾಗಿ ನಕ್ಕ. ಅವನಿಗೆ ಗೊತ್ತು. ಯಾರಿಗೆ ಗೊತ್ತಿಲ್ಲ? ಗೊತ್ತಾಗಬೇಕಾದವನ ಬಾಯಲ್ಲಿ ಮಾತ್ರ ಮಾತಿಲ್ಲ.

ಕೊಯಮತ್ತೂರಿನಲ್ಲಿ ಗೇರ್ ಕೊರೆಯುವವರಿದ್ದಾರೆ. ಅಳತೆ ಕಳಿಸಿ ಆರ್ಡರ್ ಹೇಳು ಅಂತ ಕೈಸರನಿಗೇ ಬಿಟ್ಟೆ.

ಜನವರಿ 26, ಭಾನುವಾರ

ಹಳೆ ಗೇರಿನಲ್ಲೇ ಹೋದೆವು. ಏನೂ ಹೇಳಲಿಲ್ಲ ನಾನು, ಅವನಿಗೆ ಸರ್‌ಪ್ರೈಜ್. ಟವೆಲ್ ಕೆಳಗೆ ಚಹಾ ಅಂತ ಒಂದು ಬೆರಳು ಒತ್ತಿದವನು ಬಿಡಲೇ ಇಲ್ಲ. ಚಹಾದಂಗಡಿ ಹಿಂದೆ ಹೋಯಿತು. ಮತ್ತೊಂದು ಹೋಯಿತು. ಅವನೂ ನಿಲ್ಲಿಸು ಅನ್ನಲಿಲ್ಲ, ನಾನೂ ನಿಲ್ಲಿಸಲಿಲ್ಲ.

ಈ ಕೈಗೆ ಎಷ್ಟು ಆಸೆ ಅಂತ ಬರೆಯಲು ನಾಚಿಕೆ. ಬರೆಯುತ್ತೇನೆ, ಯಾರು ಓದುತ್ತಾರೆ? ನನಗೆ ಅವನು ಬೇಕು. ಭಾನುವಾರ ಅಲ್ಲ, ಪ್ರತಿದಿನ ಬೇಕು. ಬುಧವಾರ ಸಂಜೆ ಹೀರೇಕಾಯಿ ಹೆಚ್ಚುತ್ತಾ ಕೂತಾಗ ಎದುರು ಬೇಕು.

ಫೆಬ್ರುವರಿ 8, ಶನಿವಾರ

ಥೂ.

ಪಾರ್ಸೆಲ್ ಗುರುವಾರ ಬಂದಿತ್ತು. ನಾನು ಸಂಬಂಧಿಕರ ಮದುವೆಗೆ ಎರಡು ದಿನ ಊರಲ್ಲಿರಲಿಲ್ಲ. ಬರುವಷ್ಟರಲ್ಲಿ ಕೈಸರ ಎಲ್ಲ ಬಿಚ್ಚಿ, ಹೊಸ ಗೇರ್ ಕೂರಿಸಿ, ಎಣ್ಣೆ ತುಂಬಿ, ತೊಳೆದು ನಿಲ್ಲಿಸಿದ್ದ. ಖುಷಿಯಿಂದ ಬೆಳಗ್ಗೆ ಒಬ್ಬಳೇ ತೆಗೆದುಕೊಂಡು ಹೋದೆ. ಒಂದನೇ ಗೇರಿಗೇ ಗಾಡಿ ಗೂಳಿಯ ಹಾಗೆ ಮುಂದೆ ನುಗ್ಗಿತು. ಎರಡು, ಮೂರು, ಟಾಪ್ — ರೋಡ್ ಇನ್ನೂ ಶುರುವಾಗಿಲ್ಲ, ಗೇರ್ ಮುಗಿದಿದೆ. ಎಪ್ಪತ್ತಕ್ಕೇ ಗುಂಯ್. ಎಂಬತ್ತಕ್ಕೆ ನಾಲ್ಕು ಸಾವಿರ. ಮೊದಲಿಗಿಂತ ಕೆಟ್ಟ ಗದ್ದಲ. ಲೋಡ್ ತುಂಬಿದ ಲಾರಿಯವನೇ ಹೆದರಿ ಪಕ್ಕಕ್ಕೆ ಸರಿದ.

ವಾಪಸ್ ಬಂದು ಬಿಚ್ಚಿಸಿದೆ. ಪಿನಿಯನ್ನಿಗೆ ಎಂಟು ಹಲ್ಲು!

"ಕೈಸರ, ನಾ ಎಷ್ಟು ಹೇಳಿದ್ದೆ?"

ತಲೆ ಕೆರೆದುಕೊಂಡ. "ಹನ್ನೊಂದು ಅಂದಿದ್ರಿ ಖರೇ... ಫೋನ್ ಹಚ್ಚಿದ ಮ್ಯಾಲೆ ಅಂವ, ಯಾವ ಊರು ಅಂದ. ಹಾವೇರಿ ಅಂದೆ. ಹಲ್ಲು ಕಡಿಮಿ ಮಾಡೂದು ಹೌದಲ್ಲ ಅಂದ. ಹೂಂ ಅಂದೆ. ಇಪ್ಪತ್ತು ವರ್ಷದಿಂದ ಅದನ್ನ ಹೇಳಕೋತ ಬಂದೇನಲ್ರಿ ಅಕ್ಕಾ, ಬಾಯಿ ತಾನ ಹೂಂ ಅಂದುಬಿಡ್ತು."

ಬೈಯಲು ಬಾಯಿ ತೆರೆದೆ. ನಗು ಬಂತು. ಆಮೇಲೆ ಅಳುವೂ ಬಂತು. ಈ ಊರಲ್ಲಿ ಯಾರಿಗೂ ಹಗುರಾಗಿ ಓಡುವ ಗೇರ್ ಅಂತ ಒಂದು ಇದೆ ಅನ್ನುವುದೇ ತಲೆಗೆ ಹೋಗುವುದಿಲ್ಲ. ಅಂಗಡಿಯ ಹಿಂದೆ ಹೋಗಿ ಮುಖ ತೊಳೆದೆ. ಬಂದು ನಾನೇ ಫೋನ್ ಮಾಡಿ ಆರ್ಡರ್ ಹೇಳಿದೆ. ಹನ್ನೊಂದು. ಕೊಯಮತ್ತೂರಿನವನು, "ಮೇಡಂ, ಹಾವೇರಿಗೆ ಹನ್ನೊಂದಾ?" ಅಂತ ಕೇಳಿಯೇ ಕೇಳಿದ.

ಫೆಬ್ರುವರಿ 16, ಭಾನುವಾರ

ಗಾಡಿ ಸ್ಟ್ಯಾಂಡಿನ ಮೇಲೆ. ಭಾನುವಾರ ಇಲ್ಲ. ಅವನ ಫೋನೂ ಇಲ್ಲ. ಸೀಜನ್ ಅಲ್ಲವೇ, ಸ್ಟೋರೇಜ್ ತುಂಬುವ ಕಾಲ. ಅಂತ ನಾನೇ ಹೇಳಿಕೊಂಡೆ.

ಮಧ್ಯಾಹ್ನ ಸುಮ್ಮನೆ ಹೋಗಿ ಕಾರಿನಲ್ಲಿ ಕುಳಿತೆ. ಚಕ್ರ ಇಲ್ಲದ ಕಾರು. ಸೀಟಿಗೆ ಮೂಗಿಟ್ಟೆ. ಘಾಟು ಹೋಗಿದೆ. ಒಂದು ಸೀನೂ ಬರಲಿಲ್ಲ.

ಮಾರ್ಚ್ 1, ಶನಿವಾರ. ಸಂಜೆ

ಬಂತು. ಕುಳಿತಿತು. ಓಡಿತು.

ಪಿನಿಯನ್ ಹಲ್ಲು ಎರಡು ಸಲ ಎಣಿಸಿ ಕೂರಿಸಿದೆವು. ಕಾಲಡಿಯ ತಗಡಿಗೆ ದಪ್ಪ ಕಂಬಳಿಯ ಪಟ್ಟಿ ಅಂಟಿಸಿದೆ. ತಲೆ ಮೇಲಿನ ಬಟ್ಟೆಯ ಹುಡ್ ಎಳೆದು ಗುಂಡಿ ಹಾಕಿದೆ. ಹಾವೇರಿಯಿಂದ ಮೋಟೆಬೆನ್ನೂರು, ಒಬ್ಬಳೇ. ಹೊರಡುವಾಗ ಗಾಡಿ ಸ್ವಲ್ಪ ಮುದುಕಿ — ಒಂದನೇ ಗೇರಿನಲ್ಲಿ ಹೊಯ್ದಾಡಿ ಏಳುತ್ತದೆ. ಆಮೇಲೆ ನಿಧಾನ ಬಿಚ್ಚಿಕೊಳ್ಳುತ್ತದೆ. ಮೂರನೆಯದು ಎಷ್ಟು ಉದ್ದ! ಟಾಪ್ ಹಾಕಿದೆ. ಎಂಬತ್ತು. ಮುಳ್ಳು ಮೂರು ಸಾವಿರದ ಕೆಳಗೆ, ಅಲ್ಲಾಡದೆ ನಿಂತಿದೆ. ಗುಂಯ್ ಬರಲಿ ಅಂತ ಕಾದೆ. ಬರಲಿಲ್ಲ. ಟೈರಿನ ಸರ್ರ್ ಕೇಳಿಸಿತು. ಇಂಡಿಕೇಟರಿನ ಟಿಕ್ ಟಿಕ್ ಕೇಳಿಸಿತು. ಈ ಗಾಡಿಯ ಇಂಡಿಕೇಟರಿಗೆ ಧ್ವನಿ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ.

"ಸುಭಾಷ" ಅಂತ ಹೇಳಿ ನೋಡಿದೆ. ಮೆಲ್ಲಗೆ, ಮನೆಯಲ್ಲಿ ಕರೆಯುವಷ್ಟು. ಪೂರ್ತಿ ಕೇಳಿಸಿತು. ಸ್ಟೇರಿಂಗಿಗೆ ಮುತ್ತು ಕೊಡಬೇಕು ಅನ್ನಿಸಿತು. ಕೊಟ್ಟೆ.

ಮಾರ್ಚ್ 2, ಭಾನುವಾರ

ಎಲ್ಲ ನೆನಪಿರುವಾಗಲೇ ಬರೆಯಬೇಕು.

ಸುಭಾಷ ಹತ್ತಿದ. ಬಾಗಿಲು ಎರಡು ಸಲ. ರೂಢಿಯಂತೆ ಟವೆಲ್ ಹಾಸಿದ. ಟಾಪ್ ಹಾಕಿದೆ. ಅವನು ಗದ್ದಲಕ್ಕೆ ಕಾಯುತ್ತಾ ಕುಳಿತಿದ್ದ, ಮುಖ ಆಗಲೇ ಸ್ವಲ್ಪ ಕಿವುಚಿಕೊಂಡು. ಗದ್ದಲ ಬರಲಿಲ್ಲ. ಅತ್ತಿತ್ತ ನೋಡಿದ. "ಎಂಜಿನ್ ಬಂದ್ ಬಿತ್ತೇನು?" ಅಂದ. ನಕ್ಕೆ. ಗೇರಿನ ಕಥೆ ಹೇಳಿದೆ — ಎಂಟು ಹಲ್ಲು, ಹನ್ನೊಂದು ಹಲ್ಲು. ಅವನೂ ನಕ್ಕ. "ಟಿಕ್ ಟಿಕ್ ಅನ್ನಾಕತ್ತೈತಲ್ಲ, ಏನದು?" ಅಂದ. ಇಂಡಿಕೇಟರ್ ಅಂದೆ. "ಅಬಬಬ! ಅದೂ ಕೇಳಸ್ತೈತಿ!" ಅಂದ.

ಆಮೇಲೆ ಮಾತು, ಮಾತು. ಈ ಸಲದ ಕಾಯಿಗೆ ಬಣ್ಣ ಕಡಿಮೆ. ಒಂದು ಚೇಂಬರಿನ ಕಂಪ್ರೆಸರ್ ಕೈ ಕೊಟ್ಟಿದೆ. ಅಕ್ಕನ ಮೊಣಕಾಲು ನೋವು. ಎರಡು ವರ್ಷದ ಮಾತು ಕೂಡಿಟ್ಟಿದ್ದ ಪುಣ್ಯಾತ್ಮ. ಕೈ ಮಾತ್ರ ತನ್ನ ತೊಡೆಯ ಮೇಲೆ. ಬಾಯಿ ಇರುವಾಗ ಬೆರಳು ಯಾಕೆ? ನನ್ನ ಎಡಗೈ ಟವೆಲ್ ಕೆಳಗೆ ಒಂದೇ ಇತ್ತು. ಸ್ವಲ್ಪ ಹೊತ್ತಿಗೆ ತೆಗೆದು ಸ್ಟೇರಿಂಗಿಗೆ ಇಟ್ಟೆ.

ರಾಣೆಬೆನ್ನೂರಿನ ಮೇಲ್ಸೇತುವೆ ದಾಟಿತು. ರಸ್ತೆ ಖಾಲಿ. ಅವನು ಮಾತು ನಿಲ್ಲಿಸಿದ್ದ. ರಸ್ತೆ ನೋಡುತ್ತಲೇ ಹೇಳಿದೆ.

"ಸುಭಾಷ, ಗುತ್ತಲದವರಿಗೆ ಬ್ಯಾಡ ಅನ್ನು. ನಾ ಅದೇನಿ. ನನ್ನ ಜೋಡಿ ಇರು."

ಸ್ಪಷ್ಟವಾಗಿ ಹೇಳಿದೆ. ಮಧ್ಯದಲ್ಲಿ ಲಾರಿ ಇರಲಿಲ್ಲ, ಹಾರ್ನ್ ಇರಲಿಲ್ಲ. ನನ್ನ ಉಸಿರು ನನಗೇ ಕೇಳುತ್ತಿತ್ತು.

ಅವನು ಹೊರಗೆ ನೋಡುತ್ತಿದ್ದ. ತಡ ಮಾಡಿ ತಿರುಗಿದ. ಕಿವಿಯ ಹಿಂದೆ ಕೈ ಇಟ್ಟುಕೊಂಡ.

"ಏನಂದಿ? ಕೇಳಿಸ್ಲಿಲ್ಲ."

ಇಂಡಿಕೇಟರ್ ಕೇಳಿಸಿದ ಕಿವಿ.

"ಏನಿಲ್ಲ. ಚಹಾ ಕುಡಿಯೂಣೇನು ಅಂದೆ."

"ಹಾಂ, ಚಹಾ. ಕುಡಿಯೂಣು" ಅಂದ. ಎಷ್ಟು ಹಗುರಾಗಿ ಅಂದ!

ಮಾರ್ಚ್ 9, ಭಾನುವಾರ

ಹೋಗಲಿಲ್ಲ. ಅವನು ಕ್ರಾಸಿಗೆ ಬಂದಿದ್ದನೋ ಇಲ್ಲವೋ, ಕೇಳಲಿಲ್ಲ.

ಮಾರ್ಚ್ 19, ಬುಧವಾರ

ಅಂಗಡಿಗೆ ಬಂದ. ಸ್ಟೋರೇಜಿನ ಟೆಂಪೊ ನೆಪವೂ ಇಲ್ಲ, ಖಾಲಿ ಕೈ. ಅವನನ್ನು ಕಂಡದ್ದೇ ಕೈಸರ "ಚಹಾ ಹೇಳಿ ಬರ್ತೇನಿ" ಅಂತ ಎದ್ದು ಹೋದ. ಚಹಾ ಬರಲಿಲ್ಲ, ಕೈಸರನೂ ಬರಲಿಲ್ಲ. ಒಳ್ಳೆಯ ಮನುಷ್ಯ.

ಸುಭಾಷ ಬೆಂಚಿನ ಮೇಲಿದ್ದ ಬೋಲ್ಟುಗಳನ್ನು ಸಾಲಾಗಿ ಜೋಡಿಸಿದ. ಕೆಡಿಸಿದ. ಮತ್ತೆ ಜೋಡಿಸಿದ.

"ಹಳೇ ಗೇರ ಇಟ್ಟೀಯೋ, ಗುಜರಿಗೆ ಹಾಕೀಯೋ?"

"ಇಟ್ಟೇನಿ."

"ಅದನ್ನ ಹಾಕಿಬಿಡು ಮತ್ತ."

"ಯಾಕ?"

"ಆ ಸಪ್ಪಳದಾಗ ಚೊಲೊ ಇದ್ವಿ, ಪುಷ್ಪಾ."

ಹಾಗಂದ. ಖರೇ ಮನಸ್ಸಿನಿಂದಲೇ ಅಂದ, ಕಣ್ಣು ತುಂಬಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು.

ಸುಳ್ಳು ಯಾಕೆ ಬರೆಯಲಿ. ಆ ಕ್ಷಣ ಹಾಕಿಬಿಡಲೇ ಅನ್ನಿಸಿತು. ಅರ್ಧ ದಿನದ ಕೆಲಸ. ಆಕ್ಸಲ್ ಬಿಚ್ಚಿ, ಹಳೆಯ ಒಂಬತ್ತು ಹಲ್ಲು ಕೂರಿಸಿ, ಎಣ್ಣೆ ಹಾಕಿದರೆ ಮುಂದಿನ ಭಾನುವಾರ ಟವೆಲ್ ಕೆಳಗೆ ಅವನ ಕೈ ಇರುತ್ತದೆ. ಕೈಯಾದರೂ ಇರುತ್ತದೆ. ಎಷ್ಟೋ ಜನಕ್ಕೆ ಅಷ್ಟೂ ಸಿಗುವುದಿಲ್ಲ. ಬೋಲ್ಟು ಬಿಚ್ಚುವ ಪಾನಾ ಎದುರಿಗೇ ಇತ್ತು.

"ಭಾನುವಾರ ಬಾ" ಅಂದೆ. "ಈಗಿದ್ದ ಗೇರಿನ್ಯಾಗ ಹೋಗೂಣು. ನಾ ಕೇಳಿದ್ದು ನಿನಗ ಕೇಳಿಸೇತಿ. ಬಾಯಿಲೆ ಹೇಳು. ಹೂಂ ಅನ್ನು, ಊಹೂಂ ಅನ್ನು, ಬಾಯಿಲೆ ಅನ್ನು."

ಬೋಲ್ಟು ಬಿಟ್ಟು ಎದ್ದ. ಬಾಗಿಲಲ್ಲಿ ನಿಂತ. "ಕೇಳಿಸಿತ್ತು" ಅಂದ. ಹೋದ.

ಮಾರ್ಚ್ 22, ಶನಿವಾರ

ಗಾಡಿ ತೊಳೆದೆ. ಹುಡ್ಡಿನ ಗುಂಡಿ ಒಂದು ಸಡಿಲ ಇತ್ತು, ಹೊಲಿದೆ. ಕೈಸರ ಟೈರಿಗೆ ಗಾಳಿ ನೋಡಿದ. ಏನೂ ಕೇಳಲಿಲ್ಲ, ತಮಾಷೆಯೂ ಮಾಡಲಿಲ್ಲ. ಅದಕ್ಕೇ ಹೆದರಿಕೆ ಆಯಿತು.

ಹೂಂ ಅಂದರೆ? ಅವನ ಬಟ್ಟೆ ಇಡಲು ಅಲಮಾರಿಯಲ್ಲಿ ಒಂದು ಖಾನೆ ಖಾಲಿ ಮಾಡಬೇಕು. ಅಪ್ಪನ ಕೋಟುಗಳಿವೆ, ತೆಗೆಯಬೇಕು. ಇದನ್ನೆಲ್ಲ ಈ ವಯಸ್ಸಿನಲ್ಲಿ ಯೋಚಿಸುತ್ತಿದ್ದೇನೆ. ಹುಚ್ಚಿ. ಆದರೂ ಒಂದು ಖಾನೆ ಖಾಲಿ ಮಾಡಿದೆ.

ಮಾರ್ಚ್ 23, ಭಾನುವಾರ. ಸಂಜೆ

ಬಂದಿದ್ದ. ನಾನು ತಲುಪುವುದಕ್ಕೆ ಮೊದಲೇ ಕ್ರಾಸಿನಲ್ಲಿ ನಿಂತಿದ್ದ. ಟವೆಲ್ ಇತ್ತು, ಹಾಸಲಿಲ್ಲ, ಮಡಚಿ ತೊಡೆಯ ಮೇಲೆ ಇಟ್ಟುಕೊಂಡ.

ಎಂಬತ್ತು. ಅವನು ಎಂಜಲು ನುಂಗಿದ್ದು ಕೇಳುತ್ತಿತ್ತು. ರಾಣೆಬೆನ್ನೂರು ಹೋಯಿತು, ಟೋಲ್ ಹೋಯಿತು. ನಾನು ಕೇಳಲಿಲ್ಲ, ಒಂದು ಸಲ ಕೇಳಿ ಆಗಿದೆ. ಹೊಳೆಯ ಸೇತುವೆ ಕಂಡಾಗ ಬಾಯಿ ಬಿಟ್ಟ.

"ಅಕ್ಕನ ಮುಂದ ನಿಂತು ನಿನ್ನ ಹೆಸರು ಹೇಳೂವಷ್ಟು ಧೈರ್ಯ ನನ್ನ ಕಡೆ ಇಲ್ಲ, ಪುಷ್ಪಾ. ಗುತ್ತಲದವರಿಗೆ ಹೂಂ ಅಂದೇನಿ."

ಒಂದು ಅಕ್ಷರ ಬಿಡದೆ ಕೇಳಿಸಿತು.

"ಯಾವಾಗ ಅಂದಿ?"

"ಶಿವರಾತ್ರಿ ಮರುದಿವಸ."

ಶಿವರಾತ್ರಿಯ ಮರುದಿನ. ಅಂದರೆ ನಾನು ಸ್ಟೇರಿಂಗಿಗೆ ಮುತ್ತು ಕೊಡುವುದಕ್ಕೆ ಎರಡು ದಿನ ಮೊದಲು. ಅವನು ಕಿವಿಯ ಹಿಂದೆ ಕೈ ಇಟ್ಟುಕೊಂಡಾಗ ಎಲ್ಲ ಮುಗಿದಿತ್ತು. ಅಂಗಡಿಗೆ ಬಂದು ಹಳೆ ಗೇರ್ ಹಾಕು ಅಂದಾಗಲೂ.

"ಭಾನುವಾರ ಮಾತ್ರ ನಾ ಹಿಂಗ ಬರತೇನಿ" ಅಂದ. "ಯಾರಿಗೂ ಗೊತ್ತಾಗಾಂಗಿಲ್ಲ. ಭಾನುವಾರ ನಿಂದು."

ಆರು ದಿನ ಗುತ್ತಲದವಳದು, ಒಂದು ದಿನ ನನ್ನದು. ಆ ಹೆಂಗಸಿನ ಹೆಸರು ಕೂಡ ನನಗೆ ಗೊತ್ತಿಲ್ಲ. ಅವಳೂ ಒಂದು ಖಾನೆ ಖಾಲಿ ಮಾಡಿ ಕಾಯುತ್ತಿರಬೇಕು.

"ಬ್ಯಾಡ" ಅಂದೆ. ಅಷ್ಟೇ ಅಂದೆ. ಸೇತುವೆ ದಾಟಿ ಗಾಡಿ ತಿರುಗಿಸಿದೆ.

ವಾಪಸ್ ಬರುವಾಗ ಟಾಪ್ ಹಾಕಲಿಲ್ಲ. ಒಂದು, ಎರಡು, ಮೂರು. ಮೂರರಲ್ಲೇ ಎಂಬತ್ತು. ಮುಳ್ಳು ನಾಲ್ಕು ಸಾವಿರಕ್ಕೆ ಹೋಯಿತು. ಗುಂಯ್ ಬಂತು. ತಗಡು, ಗಾಜು, ಹಲ್ಲು, ಎಲ್ಲ ಗದಗದ. ಅವನು ತಿರುಗಿ ಏನೋ ಅಂದ, ಬಾಯಿ ಮಾತ್ರ ಅಲ್ಲಾಡಿತು. ಎಡಗೈ ಗೇರಿನ ಮೇಲೇ ಇಟ್ಟಿದ್ದೆ. ಅವನು ಅದರ ಮೇಲೆ ಕೈ ತಂದ. ಆ ಕೈ ಎತ್ತಿ ಅವನ ತೊಡೆಯ ಮೇಲೇ ಇಟ್ಟುಬಿಟ್ಟೆ.

ಆಮೇಲೆ ರಸ್ತೆ ನೋಡುತ್ತಾ ಮಾತಾಡಿದೆ. ಗಂಟಲು ಹರಿಯುವಷ್ಟು ಜೋರಾಗಿ. ಮೋಟೆಬೆನ್ನೂರಿನವರೆಗೂ. ಎರಡು ವರ್ಷದ್ದು, ಎಲ್ಲ. ಅವನು ನನ್ನ ಬಾಯಿಯನ್ನೇ ನೋಡುತ್ತಿದ್ದ, ಅಳುತ್ತಿದ್ದ, "ಏನಂದಿ, ಏನಂದಿ" ಅನ್ನುತ್ತಿದ್ದ ಅಂತ ಕಾಣುತ್ತದೆ. ಈ ಸಲ ಖರೇನೇ ಕೇಳಿಸಿಲ್ಲ ಅವನಿಗೆ. ಕ್ರಾಸಿನಲ್ಲಿ ಇಳಿಸಿದೆ. ಬಾಗಿಲು ಒಂದೇ ಸಲ ಹಾಕಿದ, ಅದು ಕೂರಲಿಲ್ಲ. ಹಾಗೇ ಹಾವೇರಿಗೆ ಬಂದೆ, ತೆರೆದ ಬಾಗಿಲು ಒಂದು ಕೈಯಲ್ಲಿ ಎಳೆದು ಹಿಡಿದುಕೊಂಡು.

ನಾನು ಏನೇನು ಹೇಳಿದೆ ಅಂತ ಇಲ್ಲಾದರೂ ಬರೆದಿಡಬೇಕು. ಮೊದಲು ಅಂದದ್ದು, ಸುಭಾಷ, ಬುಧವಾರ ಸಂಜೆ ನೀನು ನನ್ನ ಎದುರು ಕೂತಿರಬೇಕಿತ್ತು...